ಮನೆಯ ಆರ್ಕಿಡ್‌ಗೆ ನೀರು ಮತ್ತು ಗೊಬ್ಬರ: ಬೇರು ಕೊಳೆಯದಂತೆ ಅನುಸರಿಸಬೇಕಾದ ಕ್ರಮ

ನರ್ಸರಿಯಿಂದ ತುಂಬು ಹೂವಿನೊಂದಿಗೆ ತಂದ ಆರ್ಕಿಡ್ ಗಿಡ ಎರಡು ಮೂರು ತಿಂಗಳು ಚೆನ್ನಾಗಿಯೇ ಇರುತ್ತದೆ. ಹೂವು ಉದುರಿದ ಮೇಲೆ ಎಲೆ ಸುಕ್ಕುಗಟ್ಟಿ ಜೋತುಬೀಳುತ್ತದೆ, ಕೊನೆಗೆ ಒಂದು ದಿನ ಬುಡವೇ ಕಳಚಿ ಕೈಗೆ ಬರುತ್ತದೆ. ಬೆಂಗಳೂರಿನ ಬಾಲ್ಕನಿಯಲ್ಲಿ ಬೆಳೆಸುವವರಿಂದಲೂ ಮಂಗಳೂರಿನ ಅಂಗಳದಲ್ಲಿ ಬೆಳೆಸುವವರಿಂದಲೂ ಇದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಏನು ಮಾಡಿದಿರಿ ಎಂದು ವಿಚಾರಿಸಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: ಎಲೆ ಸುಕ್ಕಾದದ್ದನ್ನು ಕಂಡು ನೀರು ಹೆಚ್ಚಿಸಿದೆವು, ಅದಕ್ಕೂ ಚೇತರಿಸದಿದ್ದಾಗ ಗೊಬ್ಬರ ಹಾಕಿದೆವು.

ತಪ್ಪು ಆಗುವುದು ಇಲ್ಲಿಯೇ. ಬೇರು ಒಣಗಿದ್ದರೂ ಎಲೆಗೆ ನೀರು ತಲುಪುವುದಿಲ್ಲ, ಬೇರು ಕೊಳೆತಿದ್ದರೂ ತಲುಪುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಎಲೆ ಸುಕ್ಕಾಗುವುದು ಒಂದೇ ರೀತಿ. ಆದ್ದರಿಂದ ಎಲೆಯನ್ನು ನೋಡಿ ನೀರು ಹಾಕುವ ಅಭ್ಯಾಸವನ್ನು ಬಿಟ್ಟು, ಬೇರನ್ನು ನೋಡಿ ನೀರು ಹಾಕುವುದನ್ನು ಕಲಿಯಬೇಕು. ಗೊಬ್ಬರದ ಮಾತು ಅದರ ನಂತರದ್ದು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಮೊದಲ ಐದು ಹಂತಗಳು ಸರಿಯಾಗದೆ ಆರನೆಯದಕ್ಕೆ ಹೋದರೆ ಗಿಡಕ್ಕೆ ಹಾನಿಯೇ ಹೊರತು ಪ್ರಯೋಜನವಿಲ್ಲ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಗ್ರಿ

ದುಬಾರಿ ಉಪಕರಣ ಯಾವುದೂ ಬೇಡ. ನೀರಿನಲ್ಲಿ ಕರಗಿರುವ ಲವಣವನ್ನು ತೋರಿಸುವ ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಒಂದು, ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಒಂದು, ಔಷಧದ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜ್ ಒಂದು, ಮುಚ್ಚಳವಿರುವ ಒಂದು ಲೀಟರಿನ ಬಾಟಲಿ, ತೆಳುವಾದ ಬಿದಿರಿನ ಕಡ್ಡಿ, ಹರಿತವಾದ ಬ್ಲೇಡು ಮತ್ತು ಟಿಶ್ಯೂ ಕಾಗದ ಇದ್ದರೆ ಸಾಕು. ಬಿದಿರಿನ ಕಡ್ಡಿಯ ಬದಲು ತೆಂಗಿನ ಪೊರಕೆಯ ಕಡ್ಡಿಯನ್ನು ಬಳಸಬಾರದು. ಅದರ ನುಣುಪಾದ ಮೈ ತೇವವನ್ನು ಹೀರುವುದಿಲ್ಲವಾದ್ದರಿಂದ ಪರೀಕ್ಷೆಗೆ ಉಪಯೋಗವಾಗುವುದಿಲ್ಲ. ಮಣ್ಣಿಗೆ ಚುಚ್ಚುವ ತೇವ ಮಾಪಕವೂ ಇಲ್ಲಿ ನಿರುಪಯುಕ್ತ. ಆರ್ಕಿಡ್ ಕುಂಡದಲ್ಲಿ ಮಣ್ಣಿನ ಬದಲು ತುಂಬುವ ಇದ್ದಿಲು ಮತ್ತು ತೊಗಟೆಯ ತುಂಡುಗಳ ನಡುವೆ ಗಾಳಿಯೇ ಹೆಚ್ಚಿರುವುದರಿಂದ ಅದರ ಮುಳ್ಳು ಸದಾ ಒಣಗಿದೆ ಎಂದೇ ತೋರಿಸುತ್ತದೆ.

ಹಂತ 1: ಗಿಡ ಯಾವ ಗುಂಪಿಗೆ ಸೇರಿದ್ದು ಎಂದು ಗುರುತಿಸುವುದು

ಎಲ್ಲ ಆರ್ಕಿಡ್‌ಗಳಿಗೂ ಅನ್ವಯಿಸುವ ಒಂದೇ ನೀರಿನ ಲೆಕ್ಕ ಇಲ್ಲ. ಗಿಡ ತನ್ನ ಮೈಯಲ್ಲಿ ನೀರನ್ನು ಎಲ್ಲಿ ಸಂಗ್ರಹಿಸುತ್ತದೆ ಎಂಬುದನ್ನು ನೋಡಿದರೆ ಅದರ ಅಗತ್ಯ ತಿಳಿಯುತ್ತದೆ.

ನೆಲಕ್ಕೆ ಬಾಗಿದ ಅಗಲವಾದ ದಪ್ಪ ಎಲೆಗಳು, ಮಧ್ಯದಲ್ಲಿ ಒಂದೇ ಸುಳಿ, ಚಿಟ್ಟೆಯಾಕಾರದ ಹೂವು ಇದ್ದರೆ ಅದು ಫ್ಯಾಲನಾಪ್ಸಿಸ್. ಇದಕ್ಕೆ ನೀರು ಸಂಗ್ರಹಿಸುವ ಕಾಂಡವಿಲ್ಲ. ಎಲೆ ಮತ್ತು ಬೇರುಗಳೇ ಉಗ್ರಾಣ. ಹಾಗಾಗಿ ಪೂರ್ತಿ ಒಣಗಿ ಬಹಳ ದಿನ ಇರಲಾರದು, ಸದಾ ಒದ್ದೆಯಲ್ಲಿಯೂ ಬದುಕಲಾರದು. ಕಬ್ಬಿನಂತೆ ಗಿಣ್ಣುಗಳಿರುವ ನೆಟ್ಟನೆಯ ಕಾಂಡಗಳ ಗುಂಪು ಡೆಂಡ್ರೋಬಿಯಂ. ಕಾಂಡದಲ್ಲಿಯೇ ನೀರಿನ ದಾಸ್ತಾನು ಇರುವುದರಿಂದ ಎರಡು ನೀರಿನ ನಡುವೆ ಪೂರ್ತಿ ಒಣಗಿದರೂ ಇದಕ್ಕೆ ತೊಂದರೆಯಿಲ್ಲ. ದಪ್ಪ ಕಾಂಡದ ತುದಿಯಲ್ಲಿ ಒಂದೆರಡು ಗಟ್ಟಿ ಎಲೆ ಹೊತ್ತ ಕ್ಯಾಟ್ಲಿಯಾವೂ ಇದೇ ಸ್ವಭಾವದ್ದು. ಬುಡದಲ್ಲಿ ಚಪ್ಪಟೆ ಗಡ್ಡೆಯಂಥ ಭಾಗವಿದ್ದು ತೆಳ್ಳಗಿನ ಬೇರು ಬಿಡುವ ಆನ್ಸಿಡಿಯಂ ಸ್ವಲ್ಪ ಬೇಗನೆ ಬಾಯಾರುತ್ತದೆ. ಬುಟ್ಟಿಯಲ್ಲಿ ತೂಗುತ್ತಾ, ಗಾಳಿಯಲ್ಲಿ ಉದ್ದವಾದ ದಪ್ಪ ಬೇರುಗಳನ್ನು ಇಳಿಬಿಟ್ಟಿರುವುದು ವಾಂಡಾ; ಇದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವೂ ನೀರು ಬೇಕಾಗಬಹುದು.

ಡೆಂಡ್ರೋಬಿಯಂನ ಎಲೆಯಿಲ್ಲದ ಹಳೆಯ ಕಾಂಡಗಳನ್ನು ಸತ್ತವೆಂದು ಭಾವಿಸಿ ಕತ್ತರಿಸುವವರು ಬಹಳ. ಕಾಂಡ ಹಸಿರಾಗಿ ಗಟ್ಟಿಯಾಗಿರುವವರೆಗೆ ಅದು ಹೊಸ ಚಿಗುರಿಗೆ ಆಹಾರ ಮತ್ತು ನೀರನ್ನು ಕೊಡುತ್ತಲೇ ಇರುತ್ತದೆ. ಪೂರ್ತಿ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಾತ್ರ ತೆಗೆಯಬೇಕು.

ಹಂತ 2: ಕುಂಡವನ್ನೂ ಅದರೊಳಗಿನ ಮಿಶ್ರಣವನ್ನೂ ಪರೀಕ್ಷಿಸುವುದು

ಗಿಡ ತಂದ ಕೂಡಲೇ ಮಾಡಬೇಕಾದ ಕೆಲಸವಿದು, ಆದರೆ ಹೆಚ್ಚಿನವರು ಮಾಡುವುದೇ ಇಲ್ಲ. ಅಂಗಡಿಯಲ್ಲಿ ಮಾರುವ ಫ್ಯಾಲನಾಪ್ಸಿಸ್ ಸಾಮಾನ್ಯವಾಗಿ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬಿಗಿಯಾಗಿ ತುಂಬಿದ ಸ್ಫ್ಯಾಗ್ನಂ ಪಾಚಿಯಲ್ಲಿಯೋ ತೆಂಗಿನ ನಾರಿನ ಪುಡಿಯಲ್ಲಿಯೋ ಇರುತ್ತದೆ. ಬೆಳೆಗಾರರ ಹಸಿರುಮನೆಯಲ್ಲಿ ಗಾಳಿ, ಬೆಳಕು, ಉಷ್ಣಾಂಶ ಎಲ್ಲವೂ ಹಿಡಿತದಲ್ಲಿರುವುದರಿಂದ ಅಲ್ಲಿ ಅದು ಸರಿಹೋಗುತ್ತದೆ. ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಅದೇ ಪಾಚಿಯ ಮೇಲ್ಭಾಗ ಒಣಗಿದ್ದರೂ ನಡುಭಾಗ ಹತ್ತು ಹನ್ನೆರಡು ದಿನ ಒದ್ದೆಯಾಗಿಯೇ ಉಳಿಯುತ್ತದೆ, ಬೇರು ಉಸಿರಾಡಲಾರದೆ ಕೊಳೆಯುತ್ತದೆ.

ಹೂವಿರುವಾಗ ಕುಂಡ ಬದಲಿಸುವ ಅಗತ್ಯವಿಲ್ಲ. ಹೂವು ಮುಗಿದ ಮೇಲೆ ಹೊರತೆಗೆದು, ಹಳೆಯ ಪಾಚಿಯನ್ನು ಬೆರಳಿನಿಂದ ಬಿಡಿಸಿ, ಇದ್ದಿಲಿನ ತುಂಡು, ಪೈನ್ ತೊಗಟೆ ಮತ್ತು ತೆಂಗಿನ ಸಿಪ್ಪೆಯ ತುಂಡುಗಳ ಮಿಶ್ರಣಕ್ಕೆ ವರ್ಗಾಯಿಸಬೇಕು. ತುಂಡುಗಳು ಅಡಿಕೆಯ ಗಾತ್ರದಲ್ಲಿದ್ದರೆ ಸರಿ. ಬೆಂಗಳೂರಿನ ಒಣಹವೆಯಲ್ಲಿ ಇದಕ್ಕೆ ಒಂದು ಹಿಡಿ ಪಾಚಿಯನ್ನು ಸಡಿಲವಾಗಿ ಸೇರಿಸಬಹುದು. ಕರಾವಳಿಯಲ್ಲಿ ಪಾಚಿಯೂ ಬೇಡ, ಸಿಪ್ಪೆಯೂ ಕಡಿಮೆ ಇರಲಿ, ಇದ್ದಿಲು ಮತ್ತು ಇಟ್ಟಿಗೆ ಚೂರು ಹೆಚ್ಚಿರಲಿ. ಬರೀ ತೋಟದ ಮಣ್ಣು ಅಥವಾ ಕೋಕೋಪೀಟ್ ತುಂಬಿದ ಕುಂಡದಲ್ಲಿ ಈ ಗಿಡಗಳು ಬಹುಕಾಲ ಉಳಿಯುವುದಿಲ್ಲ.

ತೆಂಗಿನ ಸಿಪ್ಪೆಯನ್ನು ನೇರವಾಗಿ ಬಳಸಬಾರದು. ಅದರಲ್ಲಿ ಸಹಜವಾಗಿಯೇ ಉಪ್ಪು ಮತ್ತು ಟ್ಯಾನಿನ್ ಇರುತ್ತವೆ. ತುಂಡು ಮಾಡಿ ನೀರಿನಲ್ಲಿ ನೆನೆಹಾಕಿ ಪ್ರತಿದಿನ ನೀರನ್ನು ಬದಲಿಸುತ್ತಾ ಹೋದರೆ, ಮೊದಲು ಕಡುಕಂದಾಗಿದ್ದ ನೀರು ಕ್ರಮೇಣ ತಿಳಿಯಾಗುತ್ತದೆ. ನೀರು ತಿಳಿಯಾದ ಮೇಲೆಯೇ ಕುಂಡಕ್ಕೆ ಹಾಕಬೇಕು. ಹೊಸ ತೊಗಟೆಯದು ಬೇರೆ ಸಮಸ್ಯೆ: ಅದು ಆರಂಭದಲ್ಲಿ ನೀರನ್ನು ಹೀರುವುದೇ ಇಲ್ಲ. ಒಂದು ರಾತ್ರಿ ನೆನೆಸಿಟ್ಟು ಬಳಸಬೇಕು.

ಕುಂಡದ ತಳದಲ್ಲಿ ಮಾತ್ರವಲ್ಲದೆ ಪಕ್ಕದಲ್ಲಿಯೂ ರಂಧ್ರಗಳಿರಬೇಕು. ಅಂದಕ್ಕಾಗಿ ಹೊರಗೆ ಇಡುವ ಸೆರಾಮಿಕ್ ಕುಂಡದ ತಳದಲ್ಲಿ ನೀರು ನಿಂತರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಉಡುಗೊರೆಯಾಗಿ ಬಂದ ಗಿಡಗಳು ಸಾಯುವುದಕ್ಕೆ ಹೆಚ್ಚಾಗಿ ಇದೇ ಕಾರಣ ಎಂಬುದು ನನ್ನ ಅಂದಾಜು.

ಹಂತ 3: ನೀರಿನ ಗುಣವನ್ನು ಅಳೆಯುವುದು

ಟಿಡಿಎಸ್ ಮೀಟರನ್ನು ಮನೆಯಲ್ಲಿ ಸಿಗುವ ಪ್ರತಿಯೊಂದು ನೀರಿಗೂ ಅದ್ದಿ ನೋಡಬೇಕು. 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ನಿಶ್ಚಿಂತೆಯಿಂದ ಬಳಸಬಹುದು. 200ರಿಂದ 400ರವರೆಗೆ ಇದ್ದರೆ ಗೊಬ್ಬರದ ಪ್ರಮಾಣವನ್ನು ಇಳಿಸಿಕೊಂಡು, ಉಪ್ಪು ತೊಳೆಯುವ ಕೆಲಸವನ್ನು ಹೆಚ್ಚು ಸಲ ಮಾಡುತ್ತಾ ನಿಭಾಯಿಸಬಹುದು. ಬೋರ್‌ವೆಲ್ ನೀರಿನಲ್ಲಿ, ಅದರಲ್ಲೂ ಬಯಲುಸೀಮೆಯಲ್ಲಿ, ಈ ಅಂಕಿ ಹಲವು ಕಡೆ 500ನ್ನು ಸುಲಭವಾಗಿ ದಾಟುತ್ತದೆ. ಅಂಥ ನೀರನ್ನು ಮಳೆನೀರು ಅಥವಾ ಆರ್‌ಓ ಫಿಲ್ಟರಿನ ನೀರಿನೊಂದಿಗೆ ಬೆರೆಸಿ ಮೀಟರಿನ ಅಂಕಿ 200ರ ಒಳಗೆ ಬರುವಂತೆ ಮಾಡಿಕೊಳ್ಳಬೇಕು.

ಎರಡು ನೀರುಗಳನ್ನು ಎಂದಿಗೂ ಬಳಸಬಾರದು. ಒಂದು, ಆರ್‌ಓ ಯಂತ್ರ ಹೊರಹಾಕುವ ತ್ಯಾಜ್ಯ ನೀರು. ಮೂಲ ನೀರಿನಲ್ಲಿದ್ದ ಲವಣವೆಲ್ಲ ಅದರಲ್ಲಿ ಇನ್ನಷ್ಟು ಸಾಂದ್ರವಾಗಿರುತ್ತದೆ. ನೀರು ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಇದನ್ನು ಗಿಡಗಳಿಗೆ ಹಾಕುವವರಿದ್ದಾರೆ. ನೆಲ ಒರೆಸಲು ಬಳಸಲಿ, ಆರ್ಕಿಡ್‌ಗೆ ಬೇಡ. ಎರಡನೆಯದು, ಅಪಾರ್ಟ್‌ಮೆಂಟುಗಳ ಸಾಫ್ಟನರ್ ಘಟಕದಿಂದ ಬರುವ ನೀರು. ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತೆಗೆದು ಅವುಗಳ ಜಾಗದಲ್ಲಿ ಸೋಡಿಯಂ ತುಂಬುತ್ತದೆ. ಸೋಪು ಚೆನ್ನಾಗಿ ನೊರೆ ಕೊಡುತ್ತದೆ, ನಲ್ಲಿಯ ಮೇಲೆ ಬಿಳಿ ಕಲೆ ಕಟ್ಟುವುದಿಲ್ಲ, ಆದರೆ ಮೀಟರಿನ ಅಂಕಿ ಇಳಿದಿರುವುದಿಲ್ಲ. ಬೇರಿಗೆ ಗಡಸು ನೀರಿಗಿಂತಲೂ ಇದು ಕೆಟ್ಟದ್ದು. ನಿಮ್ಮ ಕಟ್ಟಡದಲ್ಲಿ ಸಾಫ್ಟನರ್ ಇದೆಯೇ ಎಂದು ನಿರ್ವಹಣಾ ಸಿಬ್ಬಂದಿಯನ್ನು ಒಮ್ಮೆ ಕೇಳಿ ತಿಳಿದುಕೊಳ್ಳಬೇಕು.

ಮಳೆನೀರು ಎಲ್ಲಕ್ಕಿಂತ ಉತ್ತಮ. ತಾರಸಿಯ ಧೂಳನ್ನು ತೊಳೆಯುವ ಮೊದಲ ಮಳೆಯನ್ನು ಬಿಟ್ಟು ಆಮೇಲಿನದನ್ನು ಹಿಡಿದು, ಸೊಳ್ಳೆ ಸೇರದಂತೆ ಮುಚ್ಚಿಡಬೇಕು.

ಹಂತ 4: ನೀರು ಹಾಕುವ ದಿನವನ್ನು ನಿರ್ಧರಿಸುವುದು

ಈ ಹಂತದಲ್ಲಿಯೇ ಹೆಚ್ಚಿನ ಗಿಡಗಳ ಹಣೆಬರಹ ನಿರ್ಧಾರವಾಗುವುದರಿಂದ ಇದನ್ನು ನಿಧಾನವಾಗಿ ಓದಬೇಕು. ಸೋಮವಾರ ಮತ್ತು ಗುರುವಾರ ನೀರು ಎಂಬಂಥ ವೇಳಾಪಟ್ಟಿ ಆರ್ಕಿಡ್‌ಗೆ ಹೊಂದುವುದಿಲ್ಲ. ಮೋಡ ಕವಿದ ವಾರದಲ್ಲಿಯೂ ಏಪ್ರಿಲ್ ತಿಂಗಳ ಬಿಸಿಗಾಳಿಯಲ್ಲಿಯೂ ಕುಂಡ ಒಣಗುವ ವೇಗ ಒಂದೇ ಆಗಿರಲು ಸಾಧ್ಯವಿಲ್ಲ.

ಮೊದಲನೆಯ ಪರೀಕ್ಷೆ ಬೇರಿನ ಬಣ್ಣ. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳ ಬೇರಿನ ಹೊರಗೆ ವೆಲಮೆನ್ ಎಂಬ, ಸತ್ತ ಜೀವಕೋಶಗಳಿಂದಾದ, ನೀರು ಹೀರುವ ಪದರವಿರುತ್ತದೆ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯ ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ಒಳಗಿನ ಹಸಿರು ಹೊರಗೆ ಕಾಣತೊಡಗುತ್ತದೆ. ಪಾರದರ್ಶಕ ಕುಂಡವನ್ನು ಬೆಳಕಿಗೆ ಹಿಡಿದು ಗೋಡೆಗೆ ಅಂಟಿದ ಬೇರುಗಳನ್ನು ನೋಡಬೇಕು. ಹಸಿರಾಗಿದ್ದರೆ ನೀರು ಬೇಡ. ಒಳಗೋಡೆಯ ಮೇಲೆ ಹನಿಗಳು ಕಟ್ಟಿದ್ದರೂ ಬೇಡ. ಹೆಚ್ಚಿನ ಬೇರುಗಳು ಬೆಳ್ಳಗಾಗಿದ್ದರೆ ನೀರು ಹಾಕಬಹುದು. ಕುಂಡದಿಂದ ಹೊರಗೆ ಚಾಚಿದ ಬೇರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅವು ನೀರು ಹಾಕಿದ ಸ್ವಲ್ಪ ಹೊತ್ತಿಗೇ ಒಣಗಿ ಬೆಳ್ಳಗಾಗುತ್ತವೆ, ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಎರಡನೆಯದು ತೂಕ. ನೀರು ಹಾಕಿ ಬಸಿದ ನಂತರ ಒಮ್ಮೆ, ಪೂರ್ತಿ ಒಣಗಿದಾಗ ಒಮ್ಮೆ ಕುಂಡವನ್ನು ಎತ್ತಿ ನೋಡಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅನುಮಾನವಿದ್ದರೆ ತಕ್ಕಡಿಯಲ್ಲಿಟ್ಟು ಎರಡೂ ತೂಕಗಳನ್ನು ಕುಂಡದ ಮೇಲೆಯೇ ಬರೆದಿಡಬಹುದು.

ಮಣ್ಣಿನ ಕುಂಡದಲ್ಲಿ ಬೇರು ಕಾಣುವುದಿಲ್ಲವಾದ್ದರಿಂದ ಮೂರನೆಯ ಪರೀಕ್ಷೆ ಬೇಕು. ಬಿದಿರಿನ ಕಡ್ಡಿಯನ್ನು ಬೇರಿಗೆ ಪೆಟ್ಟಾಗದಂತೆ ಮಿಶ್ರಣದ ನಡುವೆ ಇಳಿಸಿ, ಹತ್ತು ನಿಮಿಷ ಬಿಟ್ಟು ಹೊರತೆಗೆದು ಕೆನ್ನೆಗೆ ತಾಗಿಸಬೇಕು. ತಣ್ಣಗೆ ಅನ್ನಿಸಿದರೆ ಅಥವಾ ಕಡ್ಡಿಯ ಬಣ್ಣ ಗಾಢವಾಗಿದ್ದರೆ ಒಳಗೆ ಇನ್ನೂ ತೇವವಿದೆ.

ಅಂದಾಜಿಗೆ ಹೇಳುವುದಾದರೆ, ಬೆಂಗಳೂರಿನಂಥ ಹವೆಯಲ್ಲಿ ತೊಗಟೆ ಮತ್ತು ಇದ್ದಿಲಿನಲ್ಲಿರುವ ಫ್ಯಾಲನಾಪ್ಸಿಸ್‌ಗೆ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎಂಟರಿಂದ ಹತ್ತು ದಿನಕ್ಕೊಮ್ಮೆ ನೀರು ಬೇಕಾಗುತ್ತದೆ. ಮಣ್ಣಿನ ಕುಂಡದಲ್ಲಿ ಬರೀ ಇದ್ದಿಲಿನಲ್ಲಿರುವ ಡೆಂಡ್ರೋಬಿಯಂಗೆ ಬೇಸಿಗೆಯಲ್ಲಿ ದಿನವೂ ಹಾಕಿದರೂ ನಡೆಯುತ್ತದೆ. ಇವು ಪರೀಕ್ಷೆಯನ್ನು ಯಾವಾಗ ಆರಂಭಿಸಬೇಕೆಂದು ತಿಳಿಯಲು ಮಾತ್ರ, ತೀರ್ಮಾನ ಬೇರಿನದು. ಸಂದೇಹ ಬಂದರೆ ಒಂದು ದಿನ ತಡೆಯಿರಿ. ಒಂದು ದಿನದ ಬಾಯಾರಿಕೆಯಿಂದ ಯಾವ ಆರ್ಕಿಡ್ ಕೂಡ ಸಾಯುವುದಿಲ್ಲ.

ಹಂತ 5: ನೀರು ಹಾಕುವ ವಿಧಾನ

ಬೆಳಿಗ್ಗೆಯೇ ನೀರು ಹಾಕಬೇಕು, ಸಂಜೆಯೊಳಗೆ ಎಲೆ ಮತ್ತು ಸುಳಿ ಒಣಗಿರಬೇಕು. ಬೇಸಿಗೆಯ ಮಧ್ಯಾಹ್ನ ತಾರಸಿಯ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ನೀರು ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಡಿಸೆಂಬರ್ ಮುಂಜಾನೆ ಅದೇ ನೀರು ಕೊರೆಯುತ್ತದೆ. ಎರಡೂ ಬೇರಿಗೆ ಒಳ್ಳೆಯದಲ್ಲ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದು ಮನೆಯೊಳಗೆ ಇಟ್ಟರೆ ಕೋಣೆಯ ಉಷ್ಣಾಂಶಕ್ಕೆ ಬರುತ್ತದೆ, ಕ್ಲೋರಿನ್ ಕೂಡ ಕಡಿಮೆಯಾಗುತ್ತದೆ.

ಗಿಡವನ್ನು ಹೊರಕುಂಡದಿಂದ ತೆಗೆದು ಸಿಂಕಿನಲ್ಲಿಯೋ ಬಚ್ಚಲಿನಲ್ಲಿಯೋ ಇಟ್ಟು, ಮಿಶ್ರಣದ ಮೇಲೆ ಸುತ್ತಲೂ ನಿಧಾನವಾಗಿ, ತಳದ ರಂಧ್ರಗಳಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಬೇಕು. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಬೇಕು. ಮೊದಲನೆಯದು ಮಿಶ್ರಣವನ್ನು ನೆನೆಸುತ್ತದೆ, ಎರಡನೆಯದು ಬೇರಿಗೆ ಸಿಗುತ್ತದೆ. ದಿನವೂ ಒಂದೆರಡು ಚಮಚ ನೀರು ಹಾಕುವ ಪದ್ಧತಿ ಅತ್ಯಂತ ಹಾನಿಕರ. ಅದರಿಂದ ಮೇಲಿನ ಬೇರು ಸದಾ ಒದ್ದೆಯಾಗಿಯೂ ಕೆಳಗಿನ ಬೇರು ಸದಾ ಒಣಗಿಯೂ ಉಳಿಯುತ್ತದೆ, ಲವಣ ಹೊರಹೋಗದೆ ಒಳಗೇ ಸೇರುತ್ತದೆ. ಮಲೆನಾಡಿನ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡನ್ನು ಗಮನಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮಳೆ ಬಂದಾಗ ಬೇರು ಪೂರ್ತಿ ತೋಯುತ್ತದೆ, ಮಳೆ ನಿಂತೊಡನೆ ಗಾಳಿಗೆ ಆರುತ್ತದೆ.

ಹಳೆಯ ಒಣ ತೊಗಟೆ ನೀರು ಹಿಡಿಯದಿದ್ದರೆ ಕುಂಡವನ್ನು ಅಂಚಿನವರೆಗೆ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಬಹುದು. ಆದರೆ ಒಂದೇ ಬಕೆಟ್ಟಿನ ನೀರಿನಲ್ಲಿ ಗಿಡಗಳನ್ನು ಒಂದಾದ ಮೇಲೊಂದು ಅದ್ದಬಾರದು. ಒಂದರ ಕೊಳೆರೋಗವೋ ವೈರಸ್ಸೋ ಎಲ್ಲಕ್ಕೂ ಹರಡುತ್ತದೆ.

ನೀರು ಹಾಕಿ ಮುಗಿದ ಮೇಲೆ ಫ್ಯಾಲನಾಪ್ಸಿಸ್‌ನ ಸುಳಿಯನ್ನು ಬಗ್ಗಿ ನೋಡಲೇಬೇಕು. ಎಲೆಗಳ ಸಂದಿನಲ್ಲಿ ನಿಂತ ನೀರನ್ನು ಟಿಶ್ಯೂ ಕಾಗದದ ಮೂಲೆಯನ್ನು ತಿರುಚಿ ಅದ್ದಿ ತೆಗೆಯಬೇಕು. ಸುಳಿ ಕೊಳೆತರೆ ಈ ಗಿಡಕ್ಕೆ ಬೆಳೆಯಲು ಬೇರೆ ತುದಿಯಿಲ್ಲ. ಬುಡದಲ್ಲಿ ಮರಿ ಬಂದರೆ ಬರಬಹುದು, ಅದನ್ನು ನಂಬಿ ಕೂರುವಂತಿಲ್ಲ. ಕುಂಡ ಕಾಲು ಗಂಟೆ ಬಸಿದ ನಂತರವೇ ಹೊರಕುಂಡಕ್ಕೆ ಮರಳಿಸಬೇಕು.

ಎಲೆಯ ಮೇಲೆ ಸ್ಪ್ರೇ ಮಾಡುವುದು ನೀರು ಹಾಕಿದಂತಾಗುವುದಿಲ್ಲ. ಸುತ್ತಲಿನ ಆರ್ದ್ರತೆ ಹೆಚ್ಚಬೇಕಿದ್ದರೆ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡವನ್ನಿಡಬಹುದು. ಗಿಡಗಳನ್ನು ಒತ್ತಟ್ಟಿಗೆ ಗುಂಪಾಗಿ ಇಟ್ಟರೂ ಅಷ್ಟಿಷ್ಟು ಅನುಕೂಲ.

ಹಂತ 6: ಗೊಬ್ಬರವನ್ನು ಅಳೆದು ಕೊಡುವುದು

ಹಸಿರು ಅಥವಾ ಕೆಂಪು ತುದಿಯ ಹೊಸ ಬೇರೋ, ಹೊಸ ಎಲೆಯೋ, ಹೊಸ ಚಿಗುರೋ ಕಂಡರೆ ಮಾತ್ರ ಗೊಬ್ಬರ ಕೊಡಬೇಕು. ಹೊಸದಾಗಿ ಕುಂಡ ಬದಲಿಸಿದ ಗಿಡಕ್ಕೂ ಬೇರು ಕೊಳೆತ ಗಿಡಕ್ಕೂ ಗೊಬ್ಬರ ಕೊಡುವುದು ನಿಷಿದ್ಧ.

ವಿದೇಶಿ ಡಬ್ಬಿಗಳ ಅಗತ್ಯವಿಲ್ಲ. ಕೃಷಿ ಪರಿಕರಗಳ ಅಂಗಡಿಗಳಲ್ಲಿ "19 ಆಲ್" ಎಂದು ಕೇಳಿದರೆ ಸಿಗುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಗೊಬ್ಬರ, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ತಲಾ ಶೇಕಡಾ 19 ಇರುವುದು, ಸಾಕು. ಸಮಸ್ಯೆ ಇರುವುದು ಪ್ರಮಾಣದಲ್ಲಿ. ಒಂದು ಟೀ ಚಮಚ ಪುಡಿ ಸುಮಾರು ಐದು ಗ್ರಾಂ ತೂಗುತ್ತದೆ. ಅದನ್ನು ಒಂದು ಲೀಟರಿಗೆ ಹಾಕಿದರೆ ಸಾರಜನಕವೇ 950 ಪಿಪಿಎಂ ಆಗುತ್ತದೆ. ಆರ್ಕಿಡ್ ಬೇರಿಗೆ ನೂರರ ಆಸುಪಾಸು ಸಾಕಾಗಿರುವಾಗ ಇದು ಒಂಬತ್ತು ಪಟ್ಟಿಗಿಂತ ಹೆಚ್ಚು. ತರಕಾರಿ ಗಿಡದ ಲೆಕ್ಕದಲ್ಲಿ ಆರ್ಕಿಡ್‌ಗೆ ಗೊಬ್ಬರ ಹಾಕಿದವರ ಗಿಡಗಳ ಬೇರುತುದಿ ಕರಿದಾಗುವುದು ಇದರಿಂದಲೇ.

ಅರ್ಧ ಗ್ರಾಂ ತೂಗುವುದು ಮನೆಯ ತಕ್ಕಡಿಯಲ್ಲಿ ಕಷ್ಟವಾದ್ದರಿಂದ ಮೊದಲು ಮೂಲದ್ರಾವಣ ಮಾಡಿಕೊಳ್ಳಬೇಕು. ಹತ್ತು ಗ್ರಾಂ ಪುಡಿಯನ್ನು ಬಾಟಲಿಗೆ ಹಾಕಿ, ಒಟ್ಟು ಒಂದು ಲೀಟರ್ ಆಗುವಂತೆ ನೀರು ತುಂಬಿ ಕುಲುಕಬೇಕು. ಇದರಿಂದ 50 ಮಿಲಿಯನ್ನು ಸಿರಿಂಜಿನಲ್ಲಿ ಅಳೆದು ತೆಗೆದು, ಒಂದು ಲೀಟರ್ ಆಗುವಷ್ಟು ನೀರು ಸೇರಿಸಿದರೆ ಅರ್ಧ ಗ್ರಾಂನ ದ್ರಾವಣ, ಅಂದರೆ ಸುಮಾರು 95 ಪಿಪಿಎಂ ಸಾರಜನಕ ಸಿದ್ಧ. ಎಳೆಯ ಗಿಡಕ್ಕೆ, ಗಡಸು ನೀರು ಬಳಸುವವರಿಗೆ ಮತ್ತು ಚಳಿಗಾಲಕ್ಕೆ 25 ಮಿಲಿ ಸಾಕು. ಮೂಲದ್ರಾವಣವನ್ನು ಬೆಳಕು ಬೀಳದ ಕಡೆ ಇಟ್ಟು, ಮೇಲೆ "ಗೊಬ್ಬರ" ಎಂದು ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಎರಡು ವಾರದೊಳಗೆ ಮುಗಿಸಬೇಕು.

ತಯಾರಾದ ದ್ರಾವಣದ ಪ್ರಮಾಣವನ್ನು ಟಿಡಿಎಸ್ ಮೀಟರಿನಿಂದ ಖಚಿತಪಡಿಸಿಕೊಳ್ಳಲು ಹೋಗಬಾರದು. ಮೀಟರ್ ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು. 19 ಆಲ್‌ನಲ್ಲಿರುವ ಯೂರಿಯಾ ವಿದ್ಯುತ್ತನ್ನು ಹರಿಸದ ಕಾರಣ ಅದು ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಸಾಲದೆಂದು ಭಾವಿಸಿ ಇನ್ನಷ್ಟು ಪುಡಿ ಸೇರಿಸುವ ಅಪಾಯವಿದೆ.

ಕೊಡುವ ಕ್ರಮ ಹೀಗಿರಲಿ. ಮೊದಲು ಬರೀ ನೀರಿನಿಂದ ಬೇರನ್ನು ತೋಯಿಸಿ, ಅದು ಹಸಿರಿಗೆ ತಿರುಗಿದ ಮೇಲೆ ಗೊಬ್ಬರದ ನೀರು ಹಾಕಬೇಕು. ಒಣಗಿದ ಬೇರಿಗೆ ನೇರವಾಗಿ ಹಾಕಿದರೆ ಸುಡುವ ಸಂಭವ ಹೆಚ್ಚು. ಬೆಳವಣಿಗೆಯ ಕಾಲದಲ್ಲಿ ಮೂರು ವಾರ ವಾರಕ್ಕೊಮ್ಮೆ ಗೊಬ್ಬರ, ನಾಲ್ಕನೆಯ ವಾರ ಬರೀ ನೀರು. ತಿಂಗಳಿಗೊಮ್ಮೆ ಒಂದೇ ಸಲ ಗಟ್ಟಿಯಾಗಿ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಮಳೆನೀರು ಅಥವಾ ಆರ್‌ಓ ನೀರನ್ನೇ ಬಳಸುವವರ ಗಿಡಗಳಿಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಲ್ಲಿಂದಲೂ ಸಿಗುವುದಿಲ್ಲ; 19 ಆಲ್‌ನಲ್ಲಿಯೂ ಅವಿಲ್ಲ. ಅಂಥವರು ತಿಂಗಳಲ್ಲಿ ಒಂದು ವಾರ 19 ಆಲ್ ಬದಲು ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದು ವಾರ 19 ಆಲ್‌ನೊಂದಿಗೆ ಲೀಟರಿಗೆ ಕಾಲು ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದೆರಡರ ಮೂಲದ್ರಾವಣದೊಂದಿಗೆ ಬೆರೆಸಿದರೆ ಬಾಟಲಿಯ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ಅದು ಗಿಡಕ್ಕೆ ದಕ್ಕುವುದಿಲ್ಲ. ಬೋರ್‌ವೆಲ್ ನೀರು ಬೆರೆಸುವವರಿಗೆ ಇದ್ಯಾವುದರ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಹೂವು ಬರಿಸುತ್ತದೆಂದು ಸಾರಜನಕವಿಲ್ಲದ, ರಂಜಕ ಮತ್ತು ಪೊಟ್ಯಾಶ್ ಹೆಚ್ಚಿರುವ 0:52:34 ಗೊಬ್ಬರವನ್ನು ಕೊಡುವವರು ಬಹಳ ಮಂದಿ. ಫ್ಯಾಲನಾಪ್ಸಿಸ್ ಹೂಗೊನೆ ಹೊರಡಿಸುವುದು ಕೆಲವು ವಾರಗಳ ಕಾಲ ತಂಪು ಸಿಕ್ಕಾಗ. ಬೆಂಗಳೂರು, ಮೈಸೂರುಗಳಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಅದು ತಾನಾಗಿಯೇ ಸಿಗುತ್ತದೆ. ಡೆಂಡ್ರೋಬಿಯಂಗೆ ಬೇಕಾದದ್ದು ಬಲಿತ ಕಾಂಡ ಮತ್ತು ಧಾರಾಳ ಬೆಳಕು. ಬೆಳಕಿಲ್ಲದ ಮೂಲೆಯಲ್ಲಿರುವ ಗಿಡಕ್ಕೆ ಯಾವ ರಂಜಕವೂ ಹೂ ಬರಿಸಲಾರದು.

ಅಡುಗೆಮನೆಯ ಉಪಚಾರಗಳ ವಿಷಯ. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೆನೆಸಿದ ನೀರು, ಮಜ್ಜಿಗೆ, ಟೀ ಸೊಪ್ಪು ಇವು ಮಣ್ಣಿನ ಗಿಡಗಳಿಗೆ ಸರಿಯಿರಬಹುದು. ಮಣ್ಣೇ ಇಲ್ಲದ ಆರ್ಕಿಡ್ ಕುಂಡದಲ್ಲಿ ಇವು ತೊಗಟೆಯ ಸಂದುಗಳಲ್ಲಿ ಹುಳಿತು, ಬೂಸ್ಟು ಹಿಡಿಸಿ, ಇರುವೆ ಮತ್ತು ಸಣ್ಣ ನೊಣಗಳನ್ನು ಕರೆತರುತ್ತವೆ. ಹೊರಗೆ ಇದ್ದಿಲಿನಲ್ಲಿ ಬೆಳೆದ ಡೆಂಡ್ರೋಬಿಯಂಗೆ ಸೆಗಣಿಯ ತಿಳಿನೀರನ್ನು ಬಹಳ ತೆಳುವಾಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ ಚೆನ್ನಾಗಿ ಬೆಳೆಸುವವರು ಇದ್ದಾರೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮನೆಯೊಳಗಿನ ಫ್ಯಾಲನಾಪ್ಸಿಸ್‌ಗೆ ಮಾತ್ರ ಅದು ಬೇಡ.

ಹಂತ 7: ಉಪ್ಪನ್ನು ತೊಳೆಯುವುದು

ಗೊಬ್ಬರವಿಲ್ಲದ ನಾಲ್ಕನೆಯ ವಾರದಲ್ಲಿ ಕುಂಡದ ಗಾತ್ರದ ಮೂರು ನಾಲ್ಕು ಪಟ್ಟು ನೀರನ್ನು ನಿಧಾನವಾಗಿ ಹರಿಯಬಿಡಬೇಕು. ತಳದಿಂದ ಬರುವ ನೀರನ್ನು ಲೋಟದಲ್ಲಿ ಹಿಡಿದು ಮೀಟರ್ ಅದ್ದಿದರೆ ಒಳಗಿನ ಲವಣದ ಮಟ್ಟ ತಿಳಿಯುತ್ತದೆ. ಹಾಕಿದ ನೀರಿಗಿಂತ ಹೊರಬಂದ ನೀರಿನ ಅಂಕಿ ಬಹಳ ಹೆಚ್ಚಿದ್ದರೆ, ಎರಡೂ ಹತ್ತಿರವಾಗುವವರೆಗೆ ತೊಳೆಯುವುದನ್ನು ಮುಂದುವರಿಸಬೇಕು. ಕುಂಡದ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟಿದ್ದರೆ ತೊಳೆಯುವುದು ತಡವಾಗಿದೆ ಎಂದೇ ಅರ್ಥ. ಇದ್ದಿಲು ಲವಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಕ್ಷೇಮ.

ಹಂತ 8: ಕಾಲಕ್ಕೆ ತಕ್ಕಂತೆ ಬದಲಿಸುವುದು

ಮಾರ್ಚ್‌ನಿಂದ ಮೇ ವರೆಗೆ ಬಯಲುಸೀಮೆಯಲ್ಲಿ ಗಾಳಿಯೇ ಒಣಗಿರುತ್ತದೆ. ನೀರಿನ ಅಂತರ ಕಡಿಮೆಯಾಗಬೇಕು, ಗೊಬ್ಬರ ಇನ್ನೂ ತೆಳುವಾಗಬೇಕು. ಏಕೆಂದರೆ ನೀರು ಬೇಗ ಆವಿಯಾದಾಗ ಕುಂಡದಲ್ಲಿ ಉಳಿಯುವ ಲವಣ ಸಾಂದ್ರವಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆ ಉಷ್ಣಾಂಶ 40 ಡಿಗ್ರಿ ದಾಟುವ ವಾರಗಳಲ್ಲಿ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ, ನೆರಳು ಮತ್ತು ತಂಪಿನ ಕಡೆ ಗಮನ ಕೊಡುವುದು ಲೇಸು.

ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನವರು ಫ್ಯಾಲನಾಪ್ಸಿಸ್ ಕುಂಡಗಳನ್ನು ಸೂರಿನಡಿ ಸರಿಸಲೇಬೇಕು. ವಾಂಡಾ ಮತ್ತು ಡೆಂಡ್ರೋಬಿಯಂ ಮಳೆಯನ್ನು ತಾಳುತ್ತವೆ, ಆದರೆ ಬಿಡದೆ ಸುರಿಯುವ ವಾರಗಳಲ್ಲಿ ಹೊಸ ಚಿಗುರಿನ ಸುಳಿಯಲ್ಲಿ ನೀರು ನಿಂತು ಕರಿಕೊಳೆ ಹಿಡಿಯುತ್ತದೆ. ಆಗ ಗಾಳಿಯಾಡುವ ಜಾಗ ಮುಖ್ಯ. ಮಳೆಯಲ್ಲಿಯೇ ಇರುವ ಗಿಡಕ್ಕೆ ಹಾಕಿದ ಗೊಬ್ಬರ ಕೊಚ್ಚಿಕೊಂಡು ಹೋಗುತ್ತದೆಯಾದ್ದರಿಂದ ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯಬೇಕು.

ಚಳಿಗಾಲದಲ್ಲಿ ನೀರು ಕಡಿಮೆ, ಗೊಬ್ಬರ ಅರ್ಧ. ನೋಬಿಲೆ ಜಾತಿಯ, ಅಂದರೆ ಕಾಂಡದ ಗಿಣ್ಣುಗಳಲ್ಲಿಯೇ ಗೊಂಚಲು ಹೂಬಿಡುವ ಡೆಂಡ್ರೋಬಿಯಂಗೆ ನವೆಂಬರ್‌ನಿಂದ ಮೊಗ್ಗು ಸ್ಪಷ್ಟವಾಗಿ ಕಾಣುವವರೆಗೆ ಗೊಬ್ಬರ ಪೂರ್ತಿ ನಿಲ್ಲಿಸಬೇಕು, ನೀರನ್ನು ಕಾಂಡ ತೀರಾ ಸುಕ್ಕಾಗದಷ್ಟಕ್ಕೆ ಇಳಿಸಬೇಕು. ಈ ವಿಶ್ರಾಂತಿ ತಪ್ಪಿದರೆ ಹೂವಿನ ಬದಲು ಗಿಣ್ಣುಗಳಲ್ಲಿ ಮರಿಗಿಡಗಳು ಹುಟ್ಟುತ್ತವೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ತುದಿಯಿಂದ ಉದ್ದ ಹೂಗೊನೆ ಬಿಡುವ ಬಗೆಗೆ ಇಂಥ ಕಟ್ಟುನಿಟ್ಟು ಬೇಕಿಲ್ಲ.

ಹಂತ 9: ಎಚ್ಚರಿಕೆಯ ಲಕ್ಷಣಗಳನ್ನು ಓದುವುದು

ಎಲೆ ಸುಕ್ಕಾಗಿದ್ದು ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ನಿಜವಾಗಿಯೂ ಬಾಯಾರಿದೆ. ಎಲೆ ಸುಕ್ಕಾಗಿದ್ದು ಬೇರು ಕಂದಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ನೀರು ಒಸರಿ, ಸಿಪ್ಪೆ ಜಾರಿ ನಡುವಿನ ದಾರ ಮಾತ್ರ ಉಳಿದರೆ ಬೇರು ಕೊಳೆತಿದೆ. ಇನ್ನೊಂದು ಹನಿ ನೀರೂ ಬೇಡ, ಕೂಡಲೇ ಹತ್ತನೆಯ ಹಂತಕ್ಕೆ ಹೋಗಬೇಕು.

ಬೇರಿನ ಹಸಿರು ತುದಿ ಕರಿದಾಗಿ ಒಣಗಿದ್ದರೆ, ಎಲೆಯ ತುದಿ ಕಂದಾಗಿದ್ದರೆ ಲವಣ ಹೆಚ್ಚಾಗಿದೆ. ಕಡುಹಸಿರಾದ, ಮೆದುವಾಗಿ ಜೋಲುವ ಎಲೆಗಳು ಬಂದು ಹೂವೇ ಬರದಿದ್ದರೆ ಬೆಳಕು ಕಡಿಮೆ, ಸಾರಜನಕ ಹೆಚ್ಚು. ಪಾರದರ್ಶಕ ಕುಂಡದ ಒಳಗೋಡೆಗೆ ದಟ್ಟ ಹಸಿರು ಪಾಚಿ ಕಟ್ಟಿದ್ದರೆ ಕುಂಡ ಒಣಗುವುದಕ್ಕೆ ಅವಕಾಶವೇ ಸಿಗುತ್ತಿಲ್ಲ. ಆನ್ಸಿಡಿಯಂನ ಹೊಸ ಎಲೆ ಮಡಿಕೆ ಮಡಿಕೆಯಾಗಿ ಹೊರಬಂದರೆ ಅದು ಬೆಳೆಯುವಾಗ ನೀರು ಸಾಲಲಿಲ್ಲ ಎಂದರ್ಥ. ಆ ಎಲೆ ಮತ್ತೆ ನೇರವಾಗುವುದಿಲ್ಲ, ಮುಂದಿನದು ಸರಿಯಾದರೆ ಸಾಕು. ಎಲೆಯ ಮೇಲೆ ಬೆಂದಂತಿರುವ ನೀರುಗುಳ್ಳೆ ಕಾಣಿಸಿ, ಕೆಟ್ಟ ವಾಸನೆಯೊಂದಿಗೆ ಒಂದೆರಡು ದಿನಗಳಲ್ಲೇ ಹರಡಿದರೆ ಅದು ಬ್ಯಾಕ್ಟೀರಿಯಾದ ಕೊಳೆ. ಆ ಭಾಗವನ್ನು ಆರೋಗ್ಯಕರ ಎಲೆಯ ಒಂದು ಬೆರಳಗಲ ಸಹಿತ ಕತ್ತರಿಸಿ ತೆಗೆದು, ಗಿಡವನ್ನು ಉಳಿದವುಗಳಿಂದ ದೂರವಿಡಬೇಕು.

ಎಲ್ಲದಕ್ಕೂ ಗಾಬರಿ ಬೇಡ. ಫ್ಯಾಲನಾಪ್ಸಿಸ್‌ನ ಅತ್ಯಂತ ಕೆಳಗಿನ ಒಂದು ಎಲೆ ಹಳದಿಯಾಗಿ ಬೀಳುವುದು ಸಹಜ. ಮೇಲಿನ ಎಲೆ ಅಥವಾ ಸುಳಿ ಹಳದಿಯಾದರೆ ಮಾತ್ರ ತುರ್ತು.

ಹಂತ 10: ಬೇರು ಕೊಳೆತ ಗಿಡವನ್ನು ಉಳಿಸಿಕೊಳ್ಳುವುದು

ಗಿಡವನ್ನು ಕುಂಡದಿಂದ ತೆಗೆದು ಹಳೆಯ ಮಿಶ್ರಣವನ್ನು ಪೂರ್ತಿ ಎಸೆಯಬೇಕು. ಅದನ್ನು ಇನ್ನೊಂದು ಆರ್ಕಿಡ್‌ಗೆ ಬಳಸಬಾರದು. ಬೇರುಗಳನ್ನು ಹರಿಯುವ ನೀರಿನಲ್ಲಿ ತೊಳೆದು, ಒಂದೊಂದನ್ನೇ ಬೆರಳಿನಿಂದ ಒತ್ತಿ ಪರೀಕ್ಷಿಸಬೇಕು. ಬಣ್ಣ ಕಂದಾಗಿದ್ದರೂ ಗಟ್ಟಿಯಾಗಿರುವ ಬೇರು ಜೀವಂತ, ಉಳಿಸಬೇಕು. ಮೆತ್ತಗಿರುವುದನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಗಟ್ಟಿ ಭಾಗದವರೆಗೆ ಕತ್ತರಿಸಬೇಕು. ದಾಲ್ಚಿನ್ನಿ ಪುಡಿಯನ್ನು ಕೊಯ್ದ ಗಾಯಕ್ಕೆ ಮಾತ್ರ ಸವರಬಹುದು. ಅದು ತೇವವನ್ನು ಒಣಗಿಸುವುದರಿಂದ ಬೇರುಗಳ ಮೇಲೆಲ್ಲ ಉದುರಿಸಿದರೆ ಉಳಿದವೂ ಒಣಗುತ್ತವೆ.

ನೆರಳಿನಲ್ಲಿ ಒಂದು ದಿನ ಗಾಯ ಆರಲು ಬಿಟ್ಟು, ಉಳಿದ ಬೇರುಗಳಷ್ಟೇ ಹಿಡಿಯುವ ಸಣ್ಣ ಕುಂಡದಲ್ಲಿ ಹೊಸ ಮಿಶ್ರಣದೊಂದಿಗೆ ನೆಡಬೇಕು. ದೊಡ್ಡ ಕುಂಡ ಕೊಟ್ಟರೆ ಅದು ಒಣಗಲು ತಡವಾಗಿ ಕಥೆ ಮತ್ತೆ ಮೊದಲಿಗೇ ಬರುತ್ತದೆ. ಬೇರು ಒಂದೂ ಉಳಿದಿಲ್ಲವಾದರೆ, ಹಿಂಡಿ ತೆಗೆದ ಒಂದು ಹಿಡಿ ಸ್ಫ್ಯಾಗ್ನಂ ಪಾಚಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದ ತಳದಲ್ಲಿಟ್ಟು, ಅದರ ಮೇಲೆ ಗಿಡವನ್ನು ಕೂರಿಸಿ, ಚೀಲದ ಬಾಯಿಯನ್ನು ಸಡಿಲವಾಗಿ ಕಟ್ಟಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಬೇಕು. ವಾರಕ್ಕೆ ಒಂದೆರಡು ಸಲ ಚೀಲ ತೆರೆದು ಗಾಳಿಯಾಡಿಸಿ, ಬೂಸ್ಟು ಬಂದಿದೆಯೇ ಎಂದು ನೋಡಬೇಕು. ಬುಡದಲ್ಲಿ ಹಸಿರು ಮೊಳಕೆಯಂತೆ ಹೊಸ ಬೇರು ಕಾಣಿಸಲು ತಿಂಗಳು, ಎರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಗಿಡದಲ್ಲಿ ಹೂಗೊನೆ ಇದ್ದರೆ ಆರಂಭದಲ್ಲಿಯೇ ಕತ್ತರಿಸಿಬಿಡಬೇಕು; ಹೂವಿರುವಾಗ ಗಿಡ ತನ್ನ ಶಕ್ತಿಯನ್ನು ಬೇರಿಗೆ ತಿರುಗಿಸುವುದು ಕಷ್ಟ.

ಈ ಅವಧಿಯಲ್ಲಿ ಗೊಬ್ಬರವನ್ನೂ ಬೇರು ಬರಿಸುವ ಟಾನಿಕ್‌ಗಳನ್ನೂ ದೂರವಿಡಬೇಕು. ಹೊಸ ಬೇರುಗಳು ಎರಡು ಅಂಗುಲದಷ್ಟು ಉದ್ದವಾದ ಮೇಲೆ ಕುಂಡಕ್ಕೆ ವರ್ಗಾಯಿಸಿ, ನಾಲ್ಕನೆಯ ಹಂತದ ಪರೀಕ್ಷೆಯಂತೆ ನೀರು ಆರಂಭಿಸಿ, ಮೂರು ವಾರ ಕಳೆದ ನಂತರ ಲೀಟರಿಗೆ ಕಾಲು ಗ್ರಾಂ, ಅಂದರೆ ಮೂಲದ್ರಾವಣದ 25 ಮಿಲಿಯ ಲೆಕ್ಕದಲ್ಲಿ ಮೊದಲ ಗೊಬ್ಬರ ಕೊಡಬಹುದು.